ಮೂರನೇ ಕ್ಲಾಸಿಗೆ ಬಂದ ದವಡೆ

ನಾನು ಆಗ ಪಾಠ ಮಾಡುತ್ತಿದ್ದ ಶಾಲೆ ಬೈಯಪ್ಪನಹಳ್ಳಿಯ ಮೆಟ್ರೋ ಡಿಪೋ ಹಿಂದಿನ ಗಲ್ಲಿಯಲ್ಲಿತ್ತು. ಯಾರೋ ಬಾಡಿಗೆಗೆಂದು ಕಟ್ಟಿಸಿದ್ದ ಮೂರಂತಸ್ತಿನ ಮನೆಯನ್ನೇ ಶಾಲೆ ಮಾಡಿದ್ದರು. ಅಡುಗೆಮನೆಯ ಜಾಗದಲ್ಲಿ ಆಫೀಸು, ಮಲಗುವ ಕೋಣೆಗಳಲ್ಲಿ ಒಂದು ಮತ್ತು ಎರಡನೇ ಕ್ಲಾಸು, ಮಹಡಿಯ ಹಾಲಿನಲ್ಲಿ ನನ್ನ ಮೂರನೇ ಕ್ಲಾಸು. ಅರ್ಧದಷ್ಟು ಮಕ್ಕಳ ಅಪ್ಪ ಅಮ್ಮಂದಿರು ಸಿ.ವಿ. ರಾಮನ್ ನಗರದ ಕಡೆಯ ಆಫೀಸುಗಳಲ್ಲಿ ಕೆಲಸ ಮಾಡುವವರು. ಇನ್ನರ್ಧ, ರಾಯಚೂರು ಯಾದಗಿರಿ ಕಡೆಯಿಂದ ಬಂದು ಅದೇ ಆಫೀಸುಗಳ ಗೇಟು ಕಾಯುವವರ, ನೆಲ ಒರೆಸುವವರ ಮಕ್ಕಳು. ನಾನು ಗದಗದ ಕಡೆಯವಳು. ಗಂಡನ ಕೆಲಸ ಇಲ್ಲಿ ಅಂತ ಬಂದವಳು, ಬಿ.ಎಡ್. ಮಾಡಿದ್ದೆ, ಮಗಳನ್ನು ಇದೇ ಶಾಲೆಗೆ ಸೇರಿಸಿ ನಾನೂ ಸೇರಿಕೊಂಡಿದ್ದೆ.

ಆ ವರ್ಷ ಮಕ್ಕಳಿಗೆ ವಿಜ್ಞಾನ ಕಲಿಸುವ ಒಂದು ಸಂಸ್ಥೆಯವರು ಕೆಲವು ಶಾಲೆಗಳನ್ನು ಆರಿಸಿಕೊಂಡು ಪ್ರಾಣಿಗಳ ಬಗ್ಗೆ ಆನ್‌ಲೈನ್ ಪಾಠ ಮಾಡುವುದಾಗಿ ಹೇಳಿದರು. ಪರದೆಯ ಮೇಲೆ ಅವರ ಟೀಚರ್ ಮಾತಾಡುತ್ತಾರೆ. ಇಲ್ಲಿ ಮಕ್ಕಳು ಗುಂಪಾಗಿ ಕೂತು, ಮುಂದಿರುವ ತಟ್ಟೆಯಿಂದ ಒಂದೊಂದೇ ವಸ್ತು ಎತ್ತಿಕೊಂಡು, ಮುಟ್ಟಿ, ಭೂತಗನ್ನಡಿಯಲ್ಲಿ ನೋಡಿ ಉತ್ತರ ಹೇಳಬೇಕು. ಹಕ್ಕಿಯ ಗರಿ, ಕುರಿಯ ಉಣ್ಣೆ, ಮೀನಿನ ಹುರುಪೆ, ಶಂಖ, ಗೊರಸು, ಕೊಂಬು, ಹುಲ್ಲು ತಿನ್ನುವ ಪ್ರಾಣಿಯ ದವಡೆ. ಇವನ್ನೆಲ್ಲ ಶಾಲೆಯವರೇ ಹೊಂದಿಸಿಕೊಳ್ಳಬೇಕು, ಸ್ವಚ್ಛ ಮಾಡಿಟ್ಟುಕೊಳ್ಳಬೇಕು ಎಂದು ಬರೆದಿದ್ದರು. ನಮ್ಮ ಪ್ರಿನ್ಸಿಪಾಲ್ ಮೇಡಂ ಇದನ್ನು ಅಡ್ಮಿಷನ್ ಬ್ಯಾನರಿನಲ್ಲಿ ಹಾಕಿಸುವ ಯೋಚನೆಯಲ್ಲಿದ್ದರು. ನನ್ನನ್ನು ಕರೆದು, ಕೋಣೆ ತಯಾರು ಮಾಡುವ ಜವಾಬ್ದಾರಿ ನಿನ್ನದು, ಏನು ಬೇಕೋ ಮಾಡಿಕೋ ಅಂದರು.

ಏನು ಬೇಕೋ ಮಾಡಿಕೋ ಅನ್ನುವುದು ಸುಲಭ. ನಾನು ಹುಟ್ಟಿದ ಮನೆಯಲ್ಲಿ ಮೊಟ್ಟೆಯ ಸಿಪ್ಪೆಯೂ ಕಂಡದ್ದಿಲ್ಲ. ದವಡೆ ಎಲ್ಲಿ ಸಿಗುತ್ತದೆ, ಯಾರನ್ನು ಕೇಳಬೇಕು, ಅದು ವಾಸನೆ ಬರುತ್ತದೋ ಇಲ್ಲವೋ, ನನಗೆ ಒಂದೂ ತಿಳಿಯದು. ಸ್ಟಾಫ್ ರೂಮಿನಲ್ಲಿ ಚಿಂತೆ ಹೇಳಿಕೊಂಡಾಗ ನಕ್ಕವರು ಹಿಂದಿ ಟೀಚರ್. ಅವರು ಶಿವಾಜಿನಗರದವರು, ನನಗಿಂತ ಏಳೆಂಟು ವರ್ಷ ದೊಡ್ಡವರು. ಎಲ್ಲರೂ ಅವರನ್ನು ಹಿಂದಿ ಮಿಸ್ ಅನ್ನುತ್ತಿದ್ದರು, ನಾನು ಮಾತ್ರ ಅಕ್ಕ ಅನ್ನುವ ಹಾಗೆ ಆಪಾ ಅನ್ನುತ್ತಿದ್ದೆ. ಮಧ್ಯಾಹ್ನ ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಉಣ್ಣುತ್ತಿದ್ದೆವು. ನನ್ನ ಪಕ್ಕ ಕೂರುತ್ತಿದ್ದರಿಂದ ಅವರು ತಮ್ಮ ಡಬ್ಬಿಯಲ್ಲಿ ಸೊಪ್ಪು ಬೇಳೆ ಬಿಟ್ಟು ಬೇರೇನೂ ತರುತ್ತಿರಲಿಲ್ಲ. ತರಬೇಡಿ ಎಂದು ನಾನು ಯಾವತ್ತೂ ಹೇಳಿದವಳಲ್ಲ, ತರುವುದಿಲ್ಲ ಎಂದು ಅವರೂ ಹೇಳಿದವರಲ್ಲ.

ಅವರ ಸೋದರಮಾವನದು ಮಾರ್ಕೆಟ್ಟಿನ ಹಿಂದೆ ಮಟನ್ ಅಂಗಡಿ. "ನಡೀರಿ ಮಿಸ್, ಮಾಮುನ ಕೇಳೋಣ" ಎಂದು ಒಂದು ಶನಿವಾರ ಶಾಲೆ ಬಿಟ್ಟ ಮೇಲೆ ನನ್ನನ್ನು ಕರೆದುಕೊಂಡು ಹೋದರು. ರಸೆಲ್ ಮಾರ್ಕೆಟ್ಟಿನ ಹೂವು ಹಣ್ಣಿನ ಭಾಗ ದಾಟಿ ಒಳಗಿನ ಗಲ್ಲಿಗೆ ತಿರುಗಿದಾಗ ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡೆ. ಆಪಾ ನೋಡಿದರು, ಮುಂದೆ ನಡೆದರು. ಅಂಗಡಿಯಲ್ಲಿದ್ದ ಮಾಮು ಕೈ ತೊಳೆದುಕೊಂಡು ಹೊರಗೆ ಬಂದು, ಯಾವ ಕ್ಲಾಸಿನ ಮಕ್ಕಳಿಗೆ, ಏನು ತೋರಿಸುತ್ತೀರಿ ಎಂದು ಕೇಳಿದರು. ಶಾಲೆಗೆ ಅಂದ ಮೇಲೆ ದುಡ್ಡಿನ ಮಾತೇ ಎತ್ತಬೇಡಿ ಎಂದರು. ಆಪಾ ಕಡೆ ತಿರುಗಿ ಉರ್ದುವಿನಲ್ಲಿ ಏನೋ ಹೇಳಿದರು. ಅವರು ಓದಲಿಲ್ಲವಂತೆ, ತಮ್ಮ ಅಂಗಡಿಯಿಂದ ಒಂದು ವಸ್ತು ಶಾಲೆಗೆ ಹೋಗುತ್ತಿರುವುದು ಇದೇ ಮೊದಲಂತೆ. ದಾರಿಯಲ್ಲಿ ಆಪಾ ಅದನ್ನು ನನಗೆ ಕನ್ನಡ ಮಾಡಿ ಹೇಳಿ, ಮಾಮುಗೆ ಖುಷಿ ಆಗಿದೆ ಅಂದರು.

ಮುಂದಿನ ಎರಡು ವಾರ ನಾವಿಬ್ಬರೂ ಪಟ್ಟ ಪಾಡು ಅಷ್ಟಿಷ್ಟಲ್ಲ. ಆಪಾ ಮನೆಯ ಮಾಳಿಗೆಯ ಮೇಲೆ ಹಳೇ ಪಾತ್ರೆಯಲ್ಲಿ ವಾಷಿಂಗ್ ಸೋಡಾ ಹಾಕಿ ದವಡೆಗಳನ್ನು ಕುದಿಸಿದರು. ಹಳೇ ಟೂತ್‌ಬ್ರಷ್‌ನಿಂದ ಸಂದಿ ಸಂದಿ ಉಜ್ಜಿದರು. ಮೆಡಿಕಲ್ ಶಾಪಿನಿಂದ ಹೈಡ್ರೋಜನ್ ಪೆರಾಕ್ಸೈಡ್ ತಂದು ನೆನೆಸಿದರು, ಆಮೇಲೆ ಬಿಸಿಲಿಗಿಟ್ಟರು. ಅಲ್ಲಿ ಹದ್ದುಗಳ ಕಾಟ, ಅದಕ್ಕೆ ಮೇಲೊಂದು ಬುಟ್ಟಿ ಬೋರಲು ಹಾಕಿ ಅದರ ಮೇಲೆ ಇಟ್ಟಿಗೆ. ಒಂದು ಭಾನುವಾರ ನಾನೂ ಹೋಗಿ ಅವರ ಪಕ್ಕ ಕುಕ್ಕರಗಾಲಲ್ಲಿ ಕೂತು ಮೀನಿನ ಹುರುಪೆಗಳನ್ನು ಉಪ್ಪು ನಿಂಬೆಹುಳಿ ಹಾಕಿ ತೊಳೆದೆ. ಮೊದಲು ಬೆರಳ ತುದಿಯಲ್ಲಿ ಹಿಡಿದೆ, ಆಮೇಲೆ ಅಂಗೈಯಲ್ಲಿ. ಒಣಗಿದ ಮೇಲೆ ಭೂತಗನ್ನಡಿ ಹಿಡಿದು ನೋಡಿದರೆ ಒಂದೊಂದು ಹುರುಪೆಯ ಮೇಲೂ ಮರದ ದಿಮ್ಮಿಯಲ್ಲಿರುವಂಥ ಉಂಗುರಗಳು. ಅಷ್ಟು ವರ್ಷ ಪಾಠ ಹೇಳಿದ್ದೇನೆ, ಮೀನಿಗೆ ಹುರುಪೆ ಇದೆ ಎಂದು ಬೋರ್ಡಿನ ಮೇಲೆ ಬರೆದಿದ್ದೇನೆ, ಕಣ್ಣಿಂದ ನೋಡಿದ್ದು ಅವತ್ತು. ದವಡೆ ನನ್ನ ಕೈಗೆ ಬಂದಾಗ ಅದು ಎಲುಬು ಅನ್ನಿಸಲೇ ಇಲ್ಲ. ಹಗುರ, ಬೆಳ್ಳಗೆ, ಒಣಗಿದ ಕಟ್ಟಿಗೆಯ ಹಾಗೆ. ಯಾವ ವಾಸನೆಯೂ ಇರಲಿಲ್ಲ.

ಶಾಲೆಯಲ್ಲಿ ಕೋಣೆಯದೇ ಒಂದು ಕೆಲಸ. ಸಂಸ್ಥೆಯವರಿಗೆ ಮಕ್ಕಳ ಕೈಗಳು ಕಾಣಬೇಕು, ಮುಖಗಳಲ್ಲ. ಹಾಗಾಗಿ ಕ್ಯಾಮೆರಾವನ್ನು ಎತ್ತರದಲ್ಲಿ ಕೂರಿಸಬೇಕಿತ್ತು. ಕಿಟಕಿಯ ಸರಳಿಗೆ ಮರದ ಸ್ಕೇಲು ಕಟ್ಟಿ ಅದರ ಮೇಲೆ ನನ್ನ ಫೋನು ನಿಲ್ಲಿಸಿದೆವು. ಬೆಂಚುಗಳನ್ನು ಜೋಡಿಸಿ ಗುಂಪು ಮಾಡಿದೆವು. ಟಿ.ವಿ. ಮೇಲೆ ಬೀಳುವ ಬೆಳಕಿಗೆ ಅಡ್ಡ ನನ್ನ ಹಳೇ ಸೀರೆ ಪರದೆಯಾಯಿತು. ಡಿಪೋದೊಳಗೆ ರೈಲು ತಿರುಗುವಾಗ ಕಿರ್ರೆನ್ನುವ ಶಬ್ದ ಮೈಕಿನಲ್ಲಿ ಬರುತ್ತಿತ್ತು, ಆ ಕಡೆಯ ಕಿಟಕಿಗೆ ದಪ್ಪ ರಟ್ಟು ಬಡಿಸಿದೆವು. ಬಾಗಿಲ ಬಳಿ ಕೈ ತೊಳೆಯಲು ಬಕೆಟ್ಟು, ಸೋಪು, ಟವೆಲು. ಒಂದೊಂದು ಗುಂಪಿಗೆ ಒಂದೊಂದು ಸ್ಟೀಲ್ ತಟ್ಟೆ, ತಟ್ಟೆಗೆ ಬಿಳಿ ಬಟ್ಟೆ. ಆಪಾ ಪ್ರತಿ ವಸ್ತುವಿನ ಪಕ್ಕ ಇಡಲು ದಪ್ಪ ಅಕ್ಷರದಲ್ಲಿ ಚೀಟಿ ಬರೆದರು. ಅವರ ಕನ್ನಡ ಅಕ್ಷರ ನನ್ನದಕ್ಕಿಂತ ದುಂಡಗೆ.

ಪಾಠಕ್ಕೆ ಒಂದು ವಾರ ಮುಂಚೆ ಮಕ್ಕಳಿಗೆ ಅಭ್ಯಾಸ ಮಾಡಿಸಿದೆವು. ಆಪಾಗೆ ಆ ಪೀರಿಯಡ್ ಬಿಡುವಿತ್ತು, ಅವರೂ ಬಂದರು. ಮೊದಲು ಹುಡುಗಿಯರು ಕಿರುಚಿದರು, ಹುಡುಗರು ಅವರನ್ನು ಹೆದರಿಸಿದರು, ಸ್ವಲ್ಪ ಹೊತ್ತಿಗೆ ಇಡೀ ಕೋಣೆ ಸದ್ದಿಲ್ಲದೆ ತಟ್ಟೆಗಳ ಮೇಲೆ ಬಗ್ಗಿತ್ತು. ದವಡೆಯ ಮುಂಭಾಗದಲ್ಲಿ ಬೆರಳಾಡಿಸಿ ನೋಡಿ, ಮೇಲೇನಿದೆ, ಕೆಳಗೇನಿದೆ ಅಂತ ಆಪಾ ಕೇಳಿದರು. ದೇವದುರ್ಗದ ಕಡೆಯ ಒಬ್ಬ ಹುಡುಗಿ, ಅಪ್ಪ ಸೆಕ್ಯೂರಿಟಿ ಕೆಲಸದವನು, ತರಗತಿಯಲ್ಲಿ ಬಾಯಿ ಬಿಡುವವಳೇ ಅಲ್ಲ, ಎದ್ದು ನಿಂತು, ಮೇಲೆ ಮುಂದಿನ ಹಲ್ಲೇ ಇಲ್ಲ ಅಂದಳು. ಉಳಿದವರು ನಂಬಲಿಲ್ಲ. ಎಲ್ಲರೂ ತಮ್ಮ ತಮ್ಮ ತಟ್ಟೆಯ ದವಡೆ ಎತ್ತಿ ನೋಡಿದರು. ಇಲ್ಲ, ಯಾವುದಕ್ಕೂ ಇಲ್ಲ. ಮತ್ತೆ ಹುಲ್ಲು ಹೇಗೆ ಕಡಿಯುತ್ತೆ ಎಂದು ಒಬ್ಬ ಕೇಳಿದ. ಮೇಲಿನ ಗಟ್ಟಿ ವಸಡಿಗೆ ಕೆಳಗಿನ ಹಲ್ಲು ಒತ್ತಿ ಎಳೆಯುವುದನ್ನು ಆಪಾ ತಮ್ಮ ದುಪಟ್ಟಾದ ಚುಂಗು ಹಿಡಿದು ಮಾಡಿ ತೋರಿಸಿದರು. ಆ ಹುಡುಗಿ ದವಡೆಯನ್ನು ಎದೆಗವಚಿಕೊಂಡು ನಗುತ್ತಿದ್ದಾಗ ನಾನೊಂದು ಫೋಟೋ ತೆಗೆದೆ. ಅಷ್ಟು ಒಳ್ಳೆಯ ಪಾಠ ಆ ಕೋಣೆಯಲ್ಲಿ ಮೊದಲು ನಡೆದಿರಲಿಲ್ಲ. ಆ ಸಂತೋಷದಲ್ಲೇ ಫೋಟೋಗಳನ್ನು ಪೋಷಕರ ಗ್ರೂಪಿಗೆ ಹಾಕಿದೆ. ಒಂದರಲ್ಲಿ ಆಪಾ ದುಪಟ್ಟಾ ಹಿಡಿದು ನಿಂತಿದ್ದರು.

ಮೊದಲು ಕೆಲವು ಚಪ್ಪಾಳೆ ಚಿತ್ರಗಳು ಬಂದವು. ಆಮೇಲೆ ಒಬ್ಬ ತಾಯಿ, ಇದು ನಿಜವಾದ ಎಲುಬಾ ಎಂದು ಕೇಳಿದರು. ಹೌದು, ಚೆನ್ನಾಗಿ ಶುದ್ಧ ಮಾಡಿದ್ದೇವೆ ಎಂದು ಉತ್ತರಿಸಿದೆ. ಅಲ್ಲಿಂದ ಶುರುವಾಯಿತು. ಇನ್‌ಫೆಕ್ಷನ್ ಆದರೆ ಯಾರು ಹೊಣೆ. ಮಗು ಮಧ್ಯಾಹ್ನ ಊಟ ಮಾಡಿಲ್ಲ. ನಮ್ಮನ್ನು ಕೇಳದೆ ಇಂಥದ್ದನ್ನು ಮಕ್ಕಳಿಂದ ಹೇಗೆ ಮುಟ್ಟಿಸಿದಿರಿ. ಸಂಜೆ ಹೊತ್ತಿಗೆ ಮಾತು ಹೈಜೀನ್‌ನಿಂದ ಜಾರಿ ಬೇರೆ ಕಡೆ ಹೋಗಿತ್ತು. ಫೋಟೋದಲ್ಲಿರುವ ಆ ಮಿಸ್‌ಗೆ ಮೂರನೇ ಕ್ಲಾಸಿನ ಸೈನ್ಸ್‌ನಲ್ಲಿ ಏನು ಕೆಲಸ? ಇದನ್ನೆಲ್ಲ ತಂದವರು ಯಾರು? ಎಲ್ಲಿಂದ ತಂದರು? ಕೇಳುವವರಿಗೆ ಉತ್ತರ ಮೊದಲೇ ಗೊತ್ತಿದ್ದಂತಿತ್ತು. ಹೈಜೀನ್ ಬಗ್ಗೆ ಎಲ್ಲರಿಗಿಂತ ಹೆಚ್ಚು ಬರೆದ ತಾಯಿಯನ್ನು ನಾನು ಎಷ್ಟೋ ಭಾನುವಾರ ಕಗ್ಗದಾಸಪುರ ರಸ್ತೆಯ ಮಟನ್ ಅಂಗಡಿಯ ಮುಂದೆ ಕ್ಯೂನಲ್ಲಿ ಕಂಡಿದ್ದೇನೆ. ಮಾಂಸವನ್ನೇ ಮುಟ್ಟದವಳು ಆ ಗ್ರೂಪಿನಲ್ಲಿ ಬಹುಶಃ ನಾನೊಬ್ಬಳೇ ಇದ್ದಿರಬೇಕು.

ಅದನ್ನು ತರಿಸಿದ್ದು ನಾನು, ಕ್ಲಾಸ್ ಟೀಚರ್ ನಾನು, ಏನೇ ಇದ್ದರೂ ನನ್ನನ್ನು ಕೇಳಿ ಎಂದು ಬರೆದೆ. ಐದು ನಿಮಿಷದಲ್ಲಿ ಪ್ರಿನ್ಸಿಪಾಲ್ ಮೇಡಂ ಫೋನ್ ಮಾಡಿ ಆ ಮೆಸೇಜ್ ತೆಗೆಯಲು ಹೇಳಿದರು. ನಾನು ತೆಗೆಯಲಿಲ್ಲ. ಅವರೇ ತೆಗೆದರು, ಅಡ್ಮಿನ್ ಬಿಟ್ಟು ಯಾರೂ ಬರೆಯದ ಹಾಗೆ ಗ್ರೂಪನ್ನು ಮುಚ್ಚಿದರು. ಮುಚ್ಚುವ ಮೊದಲು, ವಿಷಯ ಮ್ಯಾನೇಜ್‌ಮೆಂಟಿನ ಗಮನಕ್ಕೆ ಬಂದಿದೆ, ಸಂಬಂಧಪಟ್ಟವರ ಮೇಲೆ ಕ್ರಮ ಕೈಗೊಳ್ಳುತ್ತೇವೆ ಎಂದು ಬರೆದರು.

ಮರುದಿನ ಬೆಳಿಗ್ಗೆ ಆಫೀಸಿನಲ್ಲಿ ನಾವಿಬ್ಬರೂ ನಿಂತಿದ್ದೆವು. ಎದುರಿಗೆ ಒಬ್ಬ ತಂದೆ ಕೂತಿದ್ದರು. ಅವರು ಬಾಗಲಕೋಟೆಯ ಕಡೆಯವರು, ಟೆಕ್ ಪಾರ್ಕಿನಲ್ಲಿ ಒಳ್ಳೆಯ ಕೆಲಸ, ಪೋಷಕರ ಸಮಿತಿಯಲ್ಲಿ ಮುಖ್ಯರು. ಮೊದಲ ಸಲ ನನ್ನ ಮಾತು ಕೇಳಿ ನೀವು ನಮ್ಮ ಕಡೆಯವರು ಎಂದು ಗುರುತು ಹಿಡಿದ ಮೇಲೆ, ಊರಿನಿಂದ ಬಂದಾಗಲೆಲ್ಲ ಕರದಂಟು ತಂದುಕೊಡುತ್ತಿದ್ದವರು. ಆಪಾ ಕಡೆ ಅವರು ನೋಡಲೇ ಇಲ್ಲ. ಇಡೀ ಹೊತ್ತು ನನ್ನೊಬ್ಬಳನ್ನೇ ನೋಡಿಕೊಂಡು ಮಾತಾಡಿದರು, ಅದೂ ನಮ್ಮೂರ ಮಾತಿನಲ್ಲಿ.

"ಟೀಚರ್, ನಿಮ್ಮ ಮ್ಯಾಲೆ ನಮಗ ಏನೂ ಸಿಟ್ಟಿಲ್ರಿ. ನೀವು ಎಂಥಾ ಮನಿತನದಿಂದ ಬಂದವರು ಅಂತ ನಮಗ ಗೊತ್ತೈತಿ. ನಿಮಗ ತಿಳೀದಂಗ ಆಕಿ ತಂದಿಟ್ಟಾಳ."

"ನಾನ ತರಿಸೀನ್ರಿ," ಅಂದೆ. "ಅಂಗಡಿಗೂ ನಾನ ಹೋಗಿದ್ದೆ. ನನ್ನ ಕೈಯಾಗ ತೊಳದೀನಿ."

ಅವರು ಮುಗುಳ್ನಕ್ಕರು. "ನೀವು ಭಾಳ ಛಲೋ ಮಂದಿ ಅದೀರಿ, ಅದಕ್ಕ ತಪ್ಪು ನಿಮ್ಮ ಮ್ಯಾಲೆ ಹಾಕ್ಕೊಳ್ಳಾಕತ್ತೀರಿ. ಹಂಗ ಮಾಡಬ್ಯಾಡ್ರಿ. ಮಂದಿ ನಿಮ್ಮ ಸಲಿಗಿ ಉಪಯೋಗ ಮಾಡ್ಕೋತಾರ."

ಆಪಾಗೆ ನಮ್ಮ ಕಡೆಯ ಮಾತು ಪೂರಾ ಅರ್ಥವಾಗುತ್ತಿರಲಿಲ್ಲ. ಅವತ್ತು ಅರ್ಥವಾಯಿತು. ನಾನು ಮತ್ತೆ ಮತ್ತೆ ಅದೇ ಹೇಳಿದೆ. ದನಿ ಏರಿಸಿ ಹೇಳಿದೆ. ಸಂಸ್ಥೆಯವರೇ ದವಡೆ ಬೇಕೆಂದು ಬರೆದಿದ್ದಾರೆ, ಪ್ರಿನ್ಸಿಪಾಲ್ ಮೇಡಂ ಓದಿ ಒಪ್ಪಿದ್ದಾರೆ ಎಂದೂ ಹೇಳಿದೆ. ಮೇಡಂ ಮೇಜಿನ ಮೇಲಿನ ಪೆನ್ನು ಸರಿಪಡಿಸುತ್ತ, "ಯಾರು ತರಿಸಿದ್ರು ಅನ್ನೋದು ಈಗ ಪ್ರಶ್ನೆ ಅಲ್ಲ ಮಿಸ್, ಪೇರೆಂಟ್ಸ್‌ಗೆ ಏನಂತ ಉತ್ತರ ಕೊಡೋದು ಅನ್ನೋದು ಪ್ರಶ್ನೆ" ಅಂದರು. ಉತ್ತರ ನನ್ನ ಪಕ್ಕದಲ್ಲೇ ನಿಂತಿತ್ತು. ಹಿಂದಿ ಮಿಸ್ ಇನ್ನು ಮೂರನೇ ಕ್ಲಾಸಿಗೆ ಹೋಗುವುದು ಬೇಡ, ಈ ವರ್ಷ ಮುಗಿಯುವವರೆಗೂ ಕೆಳಗೆ ಚಿಕ್ಕ ಮಕ್ಕಳನ್ನು ನೋಡಿಕೊಳ್ಳಲಿ, ಪಾಠಕ್ಕೆ ಪ್ಲಾಸ್ಟಿಕ್ ಪ್ರಾಣಿಗಳನ್ನು ತರಿಸೋಣ ಎಂದು ತೀರ್ಮಾನವಾಯಿತು. ಆಪಾ, ಸರಿ ಮೇಡಂ, ಅಂದರು.

ಶಾಲೆಯ ಆಯಾ ನನ್ನ ಕೋಣೆಗೆ ಫಿನಾಯಿಲ್ ಹಾಕಿ ತೊಳೆದಳು. ಬೆಂಚು, ತಟ್ಟೆ, ಬಾಗಿಲ ಹಿಡಿ, ಎಲ್ಲ. ಆಪಾ ದವಡೆ, ಕೊಂಬು, ಗೊರಸುಗಳನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ತಮ್ಮ ಚೀಲಕ್ಕೆ ಹಾಕಿಕೊಂಡರು. ಚೀಟಿಗಳನ್ನೂ ಬಿಡಲಿಲ್ಲ. ನಾನು ಅತ್ತೆ. ಅವರು ಅಳಲಿಲ್ಲ. ನನ್ನ ಬೆನ್ನ ಮೇಲೆ ಕೈಯಿಟ್ಟು, "ಬಿಡಿ ಮಿಸ್, ಮಕ್ಕಳು ನೋಡ್ತಾರೆ" ಅಂದರು. ಸಂಜೆ ಬಸ್ ಸ್ಟಾಪಿನಲ್ಲಿ, ಮಾಮುಗೆ ಏನು ಹೇಳುತ್ತೀರಿ ಎಂದು ಕೇಳಿದೆ. ಅವರು ದಿನಾ ಕೇಳುತ್ತಿದ್ದಾರಂತೆ, ಮಕ್ಕಳು ನೋಡಿದರಾ, ಏನಂದರು, ಅಂತ. ಎಲ್ಲರಿಗೂ ತುಂಬ ಇಷ್ಟವಾಯಿತು ಅಂತ ಹೇಳ್ತೀನಿ, ಅದು ಸುಳ್ಳಲ್ಲವಲ್ಲ, ಎಂದರು. ಸುಳ್ಳಾಗಿರಲಿಲ್ಲ.

ಪಾಠದ ದಿನ ಬಂತು. ಪೋಷಕರಿಗೆ ಆಹ್ವಾನ ಹೋಗಿತ್ತು. ಹಿಂದಿನ ಗೋಡೆಗೆ ಬೆನ್ನು ಕೊಟ್ಟು ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತಿದ್ದರು, ಬಾಗಲಕೋಟೆಯವರು ಮುಂದಿನ ಕುರ್ಚಿಯಲ್ಲಿ. ಪ್ರತಿ ತಟ್ಟೆಯಲ್ಲೂ ಆಟಿಕೆಯ ಹಸು, ಆಟಿಕೆಯ ಮೀನು, ಹಳದಿ ಬಣ್ಣದ ಬಾತುಕೋಳಿ. ಪರದೆ ಬೆಳಗಿತು. ಪಾಠ ಮಾಡುವ ಹುಡುಗಿ ಚುರುಕಾಗಿದ್ದಳು, ಕನ್ನಡ ಇಂಗ್ಲಿಷ್ ಬೆರೆಸಿ ಮಾತಾಡುತ್ತಿದ್ದಳು. ಅವಳ ಸುತ್ತ ಬೇರೆ ಬೇರೆ ಶಾಲೆಗಳ ಸಣ್ಣ ಸಣ್ಣ ಚೌಕಗಳು. ನಮ್ಮಲ್ಲಿ ವಸ್ತು ಬದಲಾದದ್ದು ಅವಳಿಗೆ ಯಾರೂ ತಿಳಿಸಿರಲಿಲ್ಲವೋ, ಅಷ್ಟು ಶಾಲೆಗಳ ನಡುವೆ ಅವಳಿಗೇ ಮರೆತಿತ್ತೋ. ಗರಿ ಎತ್ತಿಕೊಳ್ಳಿ ಅಂದಳು, ನಮ್ಮ ಮಕ್ಕಳು ಬಾತುಕೋಳಿ ಎತ್ತಿಕೊಂಡರು. ಹುರುಪೆಯನ್ನು ಬೆಳಕಿಗೆ ಹಿಡಿಯಿರಿ ಅಂದಳು, ನಮ್ಮ ಮಕ್ಕಳು ಪ್ಲಾಸ್ಟಿಕ್ ಮೀನನ್ನು ಬೆಳಕಿಗೆ ಹಿಡಿದರು. ಭೂತಗನ್ನಡಿಯಲ್ಲಿ ಏನು ಕಾಣುತ್ತೆ ಎಂದಳು. ಒಬ್ಬ ಹುಡುಗ, ಯಾವ ದೇಶದಲ್ಲಿ ತಯಾರಾಯಿತು ಅಂತ ಬರೆದಿದೆ ಮಿಸ್, ಅಂದ. ಹಿಂದೆ ಕೂತವರು ನಕ್ಕರು.

ಆಮೇಲೆ ಅವಳು ದವಡೆ ಎತ್ತಿಕೊಳ್ಳಲು ಹೇಳಿದಳು. ಬೇರೆ ಚೌಕಗಳಲ್ಲಿ ಪುಟ್ಟ ಕೈಗಳು ಬಿಳಿ ದವಡೆಗಳನ್ನು ಎತ್ತಿದ್ದು ನಮಗೆ ಕಾಣುತ್ತಿತ್ತು. ದೇವದುರ್ಗದ ಹುಡುಗಿ ನನ್ನ ಕಡೆ ತಿರುಗಿ ಮೆಲ್ಲಗೆ, "ಮಿಸ್, ನಮ್ದು ಎಲ್ಲೈತ್ರಿ?" ಅಂದಳು. ಅಷ್ಟರಲ್ಲಿ ಪರದೆಯ ಮೇಲಿನವಳು ತನ್ನ ಮೇಜಿನಿಂದ ಇಡೀ ಒಂದು ಆಡಿನ ತಲೆಬುರುಡೆಯನ್ನು, ಕೊಂಬು ಸಮೇತ, ಎತ್ತಿ ಕ್ಯಾಮೆರಾಕ್ಕೆ ಹಿಡಿದಳು. ಹಿಂದಿನಿಂದ ಹೋ ಎಂಬ ಉದ್ಗಾರ ಬಂತು. ಫೋನುಗಳು ಮೇಲೆದ್ದವು. ಬಾಗಲಕೋಟೆಯವರು ಎದ್ದು ನಿಂತು ವಿಡಿಯೋ ಮಾಡಿದರು.

"ಇದಕ್ಕೆ ಮೇಲೆ ಮುಂದಿನ ಹಲ್ಲು ಎಷ್ಟಿದೆ, ಯಾರು ಹೇಳ್ತೀರಿ?" ಎಂದು ಅವಳು ಕೇಳಿದಳು. ನಮ್ಮ ಕೋಣೆಯ ಮಕ್ಕಳೆಲ್ಲ ಒಟ್ಟಿಗೆ, ಒಂದೂ ಇಲ್ಲ ಅಂದರು. ಹಾಗಾದರೆ ಹುಲ್ಲು ಹೇಗೆ ತಿನ್ನುತ್ತೆ ಅಂದಳು. ಅವರೆಲ್ಲ ಕೊರಳ ಟೈ ಹಿಡಿದು, ವಸಡಿಗೆ ಒತ್ತಿ, ಎಳೆದು ತೋರಿಸಿದರು. ಆಪಾ ತೋರಿಸಿದ್ದ ಹಾಗೆಯೇ. ಅವಳಿಗೆ ಬಹಳ ಖುಷಿಯಾಯಿತು. ಇಷ್ಟು ಚೆನ್ನಾಗಿ ತಯಾರಾದ ಕ್ಲಾಸ್ ಇನ್ನೊಂದಿಲ್ಲ, ಈ ಶಾಲೆಗೆ ನಮ್ಮ ಅಭಿನಂದನೆ ಎಂದಳು. ಪ್ರಿನ್ಸಿಪಾಲ್ ಮೇಡಂ ಪರದೆಯ ಮುಂದೆ ಬಂದು ಕೈ ಮುಗಿದರು.

ನನಗೆ ತಡೆಯಲಾಗಲಿಲ್ಲ. ಹೋಗಿ ಮೈಕ್ ತೆಗೆದುಕೊಂಡೆ. "ಇದನ್ನ ಮಕ್ಕಳಿಗೆ ಕಲಿಸಿದ್ದು ನಾವ್ಯಾರೂ ಅಲ್ಲ, ನಮ್ಮ ಹಿಂದಿ ಮಿಸ್," ಅಂದೆ. ಕೋಣೆಯಲ್ಲಿ ಗಲಾಟೆಯಾಗುತ್ತದೆ, ಯಾರಾದರೂ ಏನಾದರೂ ಅನ್ನುತ್ತಾರೆ ಎಂದು ಕಾದೆ. ಅವಳು ನಗುತ್ತ, "ಓ ಸೂಪರ್, ಹಾಗಾದ್ರೆ ಹಿಂದಿ ಮಿಸ್‌ಗೆ ಎಲ್ಲರೂ ಒಂದು ದೊಡ್ಡ ಚಪ್ಪಾಳೆ ಕೊಡಿ" ಅಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಪೋಷಕರೂ ತಟ್ಟಿದರು, ಹೈಜೀನ್ ತಾಯಿಯೂ ತಟ್ಟಿದರು, ಬಾಗಲಕೋಟೆಯವರು ಫೋನನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಎರಡೂ ಕೈಯಿಂದ ತಟ್ಟಿದರು. ಯಾರಿಗೆ ತಟ್ಟುತ್ತಿದ್ದೇವೆ ಎಂದು ಅವರಲ್ಲಿ ಒಬ್ಬರೂ ಯೋಚಿಸಿದಂತೆ ಕಾಣಲಿಲ್ಲ. ಕೆಳಗಿನ ಕೋಣೆಯಲ್ಲಿ ಆಪಾ ಆಗ ಎಲ್‌ಕೆಜಿ ಮಕ್ಕಳಿಗೆ ಬಣ್ಣ ಹಚ್ಚಿಸುತ್ತಿದ್ದರು. ಜಗಳವಾಗಿದ್ದರೆ ನನಗೆ ಇಷ್ಟು ಅವಮಾನ ಅನ್ನಿಸುತ್ತಿರಲಿಲ್ಲ.

ಪ್ರಿನ್ಸಿಪಾಲ್ ಮೇಡಂ ಆಮೇಲೆ ನನ್ನನ್ನು ಕರೆದು, ಇನ್ನೊಮ್ಮೆ ಹೀಗೆ ಮಾಡಿದರೆ ನೋಡು ಎಂದರು. ಪೋಷಕರ ಗ್ರೂಪಿನಲ್ಲಿ ತಲೆಬುರುಡೆಯ ವಿಡಿಯೋ ಹಾಕಿಸಿದರು. ಹೊಸ ವರ್ಷದ ಅಡ್ಮಿಷನ್ ಬ್ಯಾನರಿನಲ್ಲಿ ನನ್ನ ಮಕ್ಕಳು ಹಳದಿ ಬಾತುಕೋಳಿ ಹಿಡಿದು ನಗುತ್ತಿದ್ದರು. ಏಪ್ರಿಲ್‌ನಲ್ಲಿ ಹಿಂದಿಯನ್ನೂ ಸಮಾಜವನ್ನೂ ಒಬ್ಬರೇ ಕಲಿಸುವ ಟೀಚರ್ ಸಿಕ್ಕಿದ್ದಾರೆ ಎಂದು ಆಪಾಗೆ ಹೇಳಿದರು. ಯಾರೂ ಅವರನ್ನು ಕೆಲಸದಿಂದ ತೆಗೆಯಲಿಲ್ಲ. ಅವರಿಗೆ ಪೀರಿಯಡ್ ಉಳಿಯಲಿಲ್ಲ, ಅಷ್ಟೆ. ಸ್ಟಾಫ್ ರೂಮಿನಲ್ಲಿ ಕೇಕ್ ಕತ್ತರಿಸಿ ಬೀಳ್ಕೊಟ್ಟರು. ಎಗ್‌ಲೆಸ್ ಕೇಕ್.

ನಾನು ಕೆಲಸ ಬಿಡಲಿಲ್ಲ. ಮಗಳು ಅಲ್ಲೇ ಓದುತ್ತಿದ್ದಳು, ಗಂಡ ಈಗ ಬೇಡ ಅಂದರು, ನಾನೂ ಬೇಡ ಅಂದುಕೊಂಡೆ. ಸಿಟ್ಟನ್ನು ಚೀಲದಲ್ಲಿ ಹಾಕಿಕೊಂಡು ಇನ್ನೂ ಒಂದು ವರ್ಷ ಆ ಮೆಟ್ಟಿಲು ಹತ್ತಿದೆ. ಬಾಗಲಕೋಟೆಯವರು ಮತ್ತೆ ಕರದಂಟು ತಂದರು. ತೆಗೆದುಕೊಳ್ಳಲಿಲ್ಲ. ಶುಗರ್ ಏನ್ರಿ, ಅಂತ ಕೇಳಿದರು.

ಆಪಾಗೆ ಆಗಾಗ ಫೋನ್ ಮಾಡುತ್ತಿದ್ದೆ. ಅವರು ಮಾತು ಬೇಗ ಮುಗಿಸುತ್ತಿದ್ದರು. ದಸರಾ ರಜೆಯಲ್ಲಿ ಹೇಳದೇ ಅವರ ಮನೆಗೆ ಹೋದೆ. ಮನೆಯ ಮುಂದಿನ ಕೋಣೆಯಲ್ಲಿ ಟ್ಯೂಷನ್ ಮಕ್ಕಳು ಸಾಲಾಗಿ ಕೂತು ಮಗ್ಗಿ ಹೇಳುತ್ತಿದ್ದರು. ಅವರಿಗೆ ಬರೆಯಲು ಕೊಟ್ಟು ನನ್ನನ್ನು ಒಳಗೆ ಕೂರಿಸಿ ಚಹಾ ಮಾಡಿದರು. ನಾನು ಮತ್ತೆ ಅದನ್ನೇ ಎತ್ತಿದೆ. ಅವತ್ತು ಎಷ್ಟು ಹೇಳಿದರೂ ಅವರು ಕೇಳಲಿಲ್ಲ, ನಾನೇ ತರಿಸಿದ್ದು ಎಂದು ಎಲ್ಲರ ಎದುರು ಹೇಳಿದೆ, ನಿಮಗೆ ಗೊತ್ತಲ್ಲ ಎಂದೆ.

"ಗೊತ್ತು ಮಿಸ್," ಅಂದರು ಆಪಾ. ಲೋಟ ಕೆಳಗಿಟ್ಟರು. "ನಾನು ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಅದನ್ನ ತಂದಿದ್ದು ತಪ್ಪು ಅಂತ ನಿಮಗೆ ಅನ್ಸಿತ್ತಾ?"

"ಇಲ್ಲ ಆಪಾ. ಯಾಕೆ ಅನ್ಸುತ್ತೆ?"

"ಮತ್ತೆ ತಪ್ಪು ಒಪ್ಕೊಳ್ಳೋರ ಥರ ಯಾಕೆ ಹೇಳ್ತಾನೇ ಇದ್ರಿ, ನಾನು ನಾನು ಅಂತ? ಇದ್ರಲ್ಲಿ ತಪ್ಪೇನಿದೆ ಅಂತ ಒಂದ್ಸಲ ಕೇಳ್ಬಹುದಿತ್ತು. ನಾನು ಅದಕ್ಕೇ ಕಾಯ್ತಿದ್ದೆ."

ನನಗೆ ಮುಖಕ್ಕೆ ಹೊಡೆದಂತಾಯಿತು. ಆಮೇಲೆ ಸಿಟ್ಟೂ ಬಂತು. ಅಷ್ಟು ಜನರ ಎದುರು ಒಬ್ಬಳೇ ದನಿ ಎತ್ತಿದ್ದೆ, ಮಾತಿನಲ್ಲಿ ಇದು ಬೇಕಿತ್ತು ಅದು ಬೇಕಿತ್ತು ಎಂದು ಈಗ ಹೇಳುವುದು ಸುಲಭ, ನೀವೇ ಯಾಕೆ ಕೇಳಲಿಲ್ಲ ಎಂದು ಬಾಯಿ ತುದಿಗೆ ಬಂತು. ಅವರೇ ಕೇಳಿದ್ದರೆ ಏನಾಗುತ್ತಿತ್ತು ಎಂಬುದು ಇಬ್ಬರಿಗೂ ಗೊತ್ತಿದ್ದರಿಂದ ಸುಮ್ಮನಾದೆ. ಚಹಾ ಆರಿತು. ಹೊರಗೆ ಒಂದು ಮಗು, ಮಿಸ್ ಆಯ್ತು, ಎಂದು ಕೂಗಿತು.

ಅವರು ಮೆಟ್ಟಿಲವರೆಗೂ ಬಂದು ಬೀಳ್ಕೊಟ್ಟರು. ಮೆಟ್ಟಿಲು ಒದ್ದೆಯಾಗಿದೆ, ಗೋಡೆ ಹಿಡಿದುಕೊಂಡು ಇಳಿಯಿರಿ ಎಂದರು. ಮಗಳನ್ನು ವಿಚಾರಿಸಿದರು. ಮತ್ತೆ ಬನ್ನಿ ಅನ್ನಲಿಲ್ಲ, ಬರುತ್ತೇನೆ ಎಂದು ನಾನೂ ಅನ್ನಲಿಲ್ಲ. ಬಸ್ ಸ್ಟ್ಯಾಂಡಿನ ಜನಜಂಗುಳಿಯಲ್ಲಿ ನಡೆಯುತ್ತ, ಅವರು ಹೇಳಿದ ವಾಕ್ಯವನ್ನು ಆ ಆಫೀಸಿನಲ್ಲಿ, ಆ ಮನುಷ್ಯನ ಮುಖ ನೋಡಿಕೊಂಡು, ನಮ್ಮೂರ ಮಾತಿನಲ್ಲಿ ಹೇಗೆ ಹೇಳಬಹುದಿತ್ತು ಎಂದು ಮನಸ್ಸಿನಲ್ಲೇ ಹೇಳಿ ನೋಡಿದೆ. ತಪ್ಪೇನೈತ್ರಿ ಇದ್ರಾಗ? ಬಹಳ ಸಣ್ಣ ಮಾತು. ಹಲಸೂರಿನ ಮೇಲೆ ನಮ್ಮ ಕಡೆಗೆ ಹೋಗುವ ಬಸ್ಸು ಬಂದು ಹೋಯಿತು, ನಾನು ಹತ್ತಲಿಲ್ಲ. ಮುಂದಿನ ಬಸ್ಸಿನಲ್ಲಿ ನಿಂತುಕೊಂಡೇ ಮನೆಗೆ ಬಂದೆ. ಈಗ ನಾವಿಬ್ಬರೂ ಒಬ್ಬರಿಗೊಬ್ಬರು ಹಬ್ಬದ ದಿನ ಮೆಸೇಜ್ ಕಳಿಸುತ್ತೇವೆ, ಬೇರೆ ಎಲ್ಲರಿಗೂ ಕಳಿಸುವಂಥದ್ದೇ.